ದೋಣಿ ಅಭ್ಯಾಸದಲ್ಲಿ ಮಣಿಕಟ್ಟಿನ ಜಿಪಿಎಸ್ ಸಾಧನದ ಬಳಕೆ ಮತ್ತು ನೀರಿನಿಂದ ಅದರ ರಕ್ಷಣೆ

(ಕೊಕ್ಕಡ ಹಾಗೂ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಪ್ರದೇಶದ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಮಣಿಕಟ್ಟಿಗೆ ಕಟ್ಟಿಕೊಳ್ಳುವ ಜಿಪಿಎಸ್ ಸಾಧನವು ಉಪಗ್ರಹಗಳ ಸಂಕೇತಗಳನ್ನು ಸ್ವೀಕರಿಸಿ, ಧರಿಸಿದವರ ಸ್ಥಾನವನ್ನು ಗುರುತಿಸಿ, ಕ್ರಮಿಸಿದ ದೂರ, ವೇಗ ಮತ್ತು ಅವಧಿಯನ್ನು ದಾಖಲಿಸುವ ಕೈಗಡಿಯಾರದ ಮಾದರಿಯ ಉಪಕರಣವಾಗಿದೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ನಾಗರಿಕ ಬಳಕೆಯ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನು ಸೇರಿಸುತ್ತಿದ್ದುದರಿಂದ ಸ್ಥಾನದಲ್ಲಿ ಸುಮಾರು 100 ಮೀಟರ್‌ವರೆಗೆ ವ್ಯತ್ಯಾಸ ಬರುತ್ತಿತ್ತು. ಆ ಪದ್ಧತಿಯನ್ನು ನಿಲ್ಲಿಸಿದ ನಂತರವೇ ಇಂತಹ ಸಾಧನಗಳು ವ್ಯಾಯಾಮಕ್ಕೆ ಉಪಯುಕ್ತವಾದವು. 2003ರಲ್ಲಿ ಮಾರುಕಟ್ಟೆಗೆ ಬಂದ ಗಾರ್ಮಿನ್ ಫೋರ್‌ರನ್ನರ್ 201 ಓಟಗಾರರಿಗಾಗಿ ತಯಾರಾದುದಾಗಿದ್ದು, ಮಳೆ ಮತ್ತು ಅಲ್ಪಕಾಲದ ಮುಳುಗುವಿಕೆಯನ್ನು ಮಾತ್ರ ತಡೆಯುತ್ತಿತ್ತು. ಅದೇ ಸಂಸ್ಥೆಯ 310ಎಕ್ಸ್‌ಟಿ ಮಾದರಿಯು 2009ರಲ್ಲಿ 50 ಮೀಟರ್ ಗುರುತಿನೊಂದಿಗೆ ಬಂದಿತು.

ಬೆಳ್ತಂಗಡಿ ಮತ್ತು ಬಂಟ್ವಾಳ ತಾಲ್ಲೂಕುಗಳ ಮೂಲಕ ಹರಿಯುವ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಹಿಂದೆ ಕಡವಿನ ದೋಣಿಗಳಿಗಷ್ಟೇ ಪರಿಚಿತವಾಗಿದ್ದ ಹುಟ್ಟು ಈಗ ಕಯಾಕ್ ಮತ್ತು ನಿಂತು ನಡೆಸುವ ಹಲಗೆಗಳ ಮೂಲಕ ಯುವಜನರ ಕೈಗೂ ಬಂದಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಅಂತರರಾಷ್ಟ್ರೀಯ ಮಟ್ಟದ ಪ್ಯಾಡಲ್ ಸ್ಪರ್ಧೆಯೂ ನಡೆದಿರುತ್ತದೆ. ಒಳನಾಡಿನವರು ನದಿಯ ಸಿಹಿನೀರಿನಲ್ಲಿ ಅಭ್ಯಾಸ ಮಾಡಿ ಕಡಲಿನ ಉಪ್ಪುನೀರಿಗೆ ಹೋಗುವುದರಿಂದ, ಒಂದೇ ಸಾಧನವು ಎರಡೂ ಬಗೆಯ ನೀರನ್ನು ಎದುರಿಸಬೇಕಾಗುತ್ತದೆ.

ಸಾಧನವು ತೋರಿಸುವ ವೇಗ

ಸಾಧನವು ಅಳೆಯುವುದು ನೆಲಕ್ಕೆ ಸಂಬಂಧಿಸಿದ ವೇಗವನ್ನೇ ಹೊರತು ನೀರಿಗೆ ಸಂಬಂಧಿಸಿದ ವೇಗವನ್ನಲ್ಲ. ಹರಿವಿಗೆ ಎದುರಾಗಿ 1 ಕಿ.ಮೀ. ದೂರವನ್ನು ಗಂಟೆಗೆ 4 ಕಿ.ಮೀ. ವೇಗದಲ್ಲಿಯೂ, ಹರಿವಿನೊಂದಿಗೆ ಅಷ್ಟೇ ದೂರವನ್ನು 8 ಕಿ.ಮೀ. ವೇಗದಲ್ಲಿಯೂ ಕ್ರಮಿಸಿದವರ ದೋಣಿಯ ನಿಜವಾದ ವೇಗವು 6 ಕಿ.ಮೀ., ಹರಿವಿನ ವೇಗವು 2 ಕಿ.ಮೀ. ಆಗಿರುತ್ತದೆ. ಹೋಗಲು 15 ನಿಮಿಷ, ಬರಲು ಏಳೂವರೆ ನಿಮಿಷ. ಒಟ್ಟು 2 ಕಿ.ಮೀ.ಗೆ ಇಪ್ಪತ್ತೆರಡೂವರೆ ನಿಮಿಷ. ಆದುದರಿಂದ ಸಾಧನವು ಸರಾಸರಿಯನ್ನು 5.33 ಎಂದು ತೋರಿಸುತ್ತದೆ. ಇದು ಸಾಧನದ ತಪ್ಪಲ್ಲ; ಆದರೆ ಆ ಅಂಕಿಯನ್ನು ಹಿಂದಿನ ವಾರದ ಅಂಕಿಯೊಂದಿಗೆ ಹೋಲಿಸಿ ಪ್ರಗತಿ ಅಥವಾ ಹಿನ್ನಡೆ ಎಂದು ತೀರ್ಮಾನಿಸುವುದು ಸರಿಯಲ್ಲ. ನದೀಮುಖದ ಬಳಿ ಭರತ ಇಳಿತಗಳಿಂದ ಹರಿವಿನ ದಿಕ್ಕೇ ಬದಲಾಗುವುದರಿಂದ, ಅಭ್ಯಾಸದ ವೇಳೆಯನ್ನೂ ಬರೆದಿಟ್ಟುಕೊಳ್ಳುವುದು ಸೂಕ್ತ.

ಆಕಾಶ ತೆರೆದಿರುವಲ್ಲಿ ಸ್ಥಾನದ ವ್ಯತ್ಯಾಸವು ಸಾಮಾನ್ಯವಾಗಿ ಕೆಲವೇ ಮೀಟರ್‌ಗಳಷ್ಟಿರುತ್ತದೆ. ದಡದ ಮರಗಳ ನೆರಳಿನಲ್ಲಿ, ಪಾಣೆಮಂಗಳೂರಿನಂತಹ ಕಡೆ ಸೇತುವೆಯ ಕೆಳಗೆ, ಘಟ್ಟದ ಬುಡದ ಕಿರಿದಾದ ಹೊಳೆಗಳಲ್ಲಿ ಇದು ಹೆಚ್ಚುತ್ತದೆ. ದೋಣಿ ಹತ್ತುವ ಮೊದಲು ತೆರೆದ ಸ್ಥಳದಲ್ಲಿ ಒಂದೆರಡು ನಿಮಿಷ ನಿಂತು, ಸಂಕೇತ ದೊರೆತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಪ್ರತಿ ಸೆಕೆಂಡಿಗೆ ಒಮ್ಮೆ ದಾಖಲಿಸುವ ಆಯ್ಕೆಯಿದ್ದಲ್ಲಿ ಅದನ್ನೇ ಇರಿಸಿಕೊಳ್ಳಬೇಕು. ಇಲ್ಲವಾದಲ್ಲಿ ನದಿಯ ತಿರುವುಗಳು ನೇರಗೆರೆಗಳಾಗಿ ಕ್ರಮಿಸಿದ ದೂರ ಕಡಿಮೆಯಾಗಿ ಕಾಣುತ್ತದೆ. ನೀರಿನೊಳಗೆ ಕೈ ಮುಳುಗಿದಾಗ ಉಪಗ್ರಹದ ಸಂಕೇತ ತಲುಪುವುದಿಲ್ಲ. ಹುಟ್ಟು ಹಾಕುವಾಗ ಮಣಿಕಟ್ಟು ಬಹುಪಾಲು ನೀರಿನ ಮೇಲೆಯೇ ಇರುವುದರಿಂದ ಈಜುಗಾರರಷ್ಟು ತೊಂದರೆ ಇಲ್ಲಿ ಆಗುವುದಿಲ್ಲ.

ಸಾಧನವನ್ನು ಕೈಗೆ ಕಟ್ಟಬೇಕೆ, ದೋಣಿಯ ಮುಂಭಾಗಕ್ಕೆ ಕಟ್ಟಬೇಕೆ ಎಂಬುದು ಅನೇಕರ ಪ್ರಶ್ನೆ. ಮಣಿಕಟ್ಟಿನ ಚಲನೆಯಿಂದ ಕ್ಷಣಕ್ಷಣದ ವೇಗವು ಏರಿಳಿಯುತ್ತದೆ. ಹುಟ್ಟು ಹಿಡಿದ ಕೈಯನ್ನು ತಿರುಗಿಸಿ ನೋಡುವುದೂ ಅನುಕೂಲವಲ್ಲ. ಎದುರಿಗೆ ಕಟ್ಟಿದಲ್ಲಿ ಓದು ಸ್ಥಿರವಾಗಿರುತ್ತದೆ. ಆದರೆ ನಿಮಿಷಕ್ಕೆ ಎಷ್ಟು ಹುಟ್ಟು ಎಂಬ ಎಣಿಕೆಯನ್ನು ಕೈಯ ಚಲನೆಯಿಂದ ಲೆಕ್ಕ ಹಾಕುವ ಮಾದರಿಗಳಲ್ಲಿ ಆ ಮಾಹಿತಿ ದೊರೆಯುವುದಿಲ್ಲ. ನಾಡಿಬಡಿತವನ್ನು ಚರ್ಮದ ಮೂಲಕ ಓದುವ ಮಾದರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎಲ್ಲಿ ಕಟ್ಟಿದರೂ ಒಂದು ಹೆಚ್ಚುವರಿ ದಾರವಿರಲಿ: ನದಿಯ ತಳ ಸೇರಿದ ಸಾಧನಕ್ಕೆ ಯಾವ ಖಾತರಿಯೂ ಅನ್ವಯಿಸದು.

ಜಲನಿರೋಧಕ ಗುರುತುಗಳ ಅರ್ಥ

ಅಂಗಡಿಯಲ್ಲಿ "ವಾಟರ್‌ಪ್ರೂಫ್" ಎಂಬ ಒಂದೇ ಪದ ಬಳಕೆಯಲ್ಲಿದ್ದರೂ ಪೆಟ್ಟಿಗೆಯ ಮೇಲಿನ ಗುರುತುಗಳು ಬೇರೆ ಬೇರೆ ಅರ್ಥವನ್ನು ನೀಡುತ್ತವೆ. ಐಪಿಎಕ್ಸ್ 7 ಎಂದರೆ 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಐಪಿಎಕ್ಸ್ 8 ಎಂದರೆ ಅದಕ್ಕಿಂತ ಕಠಿಣವಾದ ಪರೀಕ್ಷೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ನಮೂದಿಸಬೇಕಾಗುತ್ತದೆ. ಇವೆರಡೂ ಮುಳುಗುವಿಕೆಯ ಪರೀಕ್ಷೆಗಳಾಗಿದ್ದು, ರಭಸವಾಗಿ ಬಡಿಯುವ ನೀರಿನ ಪರೀಕ್ಷೆಯನ್ನು ಒಳಗೊಂಡಿರುವುದಿಲ್ಲ.

5 ಎಟಿಎಂ ಅಥವಾ 50 ಮೀಟರ್ ಎಂಬ ಗುರುತು ಗಡಿಯಾರಗಳ ಒತ್ತಡ ಪರೀಕ್ಷೆಗೆ ಸಂಬಂಧಿಸಿದುದು. ಸುಮಾರು 10 ಮೀಟರ್ ನೀರಿನ ಒತ್ತಡವು ಒಂದು ವಾಯುಮಂಡಲದ ಒತ್ತಡಕ್ಕೆ ಸಮವೆಂಬ ಲೆಕ್ಕದಿಂದ ಈ ಅಂಕಿ ಬಂದಿದೆ. 50 ಮೀಟರ್ ಆಳಕ್ಕೆ ಧುಮುಕಬಹುದೆಂದು ಇದರ ಅರ್ಥವಲ್ಲ. ಮುಳುಗುಗಾರರ ಗಡಿಯಾರಗಳಿಗೆ ಐಎಸ್‌ಒ 6425 ಎಂಬ ಪ್ರತ್ಯೇಕ ಮಾನದಂಡವಿದೆ. ದೋಣಿ ಅಭ್ಯಾಸಕ್ಕೆ 5 ಎಟಿಎಂ ಗುರುತಿನ ಸಾಧನವು ಸಾಕಾಗುತ್ತದೆ.

ಈ ಎಲ್ಲ ಗುರುತುಗಳೂ ಹೊಸ ಸಾಧನವನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಪರೀಕ್ಷಿಸಿ ನೀಡಿದವುಗಳಾಗಿವೆ. ಒಳಗಿನ ರಬ್ಬರ್ ಬಿಗಿಪಟ್ಟಿಗಳು ಕಾಲಕ್ರಮೇಣ ಸವೆಯುತ್ತವೆ. ಅಂಕಿ ಪೆಟ್ಟಿಗೆಯ ಮೇಲೆ ಹಾಗೆಯೇ ಉಳಿಯುತ್ತದೆ, ಸಾಧನ ಹಾಗೆಯೇ ಉಳಿಯುವುದಿಲ್ಲ. ಬ್ಯಾಟರಿ ಬದಲಾಯಿಸಲು ಒಮ್ಮೆ ತೆರೆದ ಸಾಧನಕ್ಕೆ ಮರಳಿ ಒತ್ತಡ ಪರೀಕ್ಷೆ ಮಾಡಿಸದೆ ನೀರಿಗಿಳಿಸತಕ್ಕದ್ದಲ್ಲ.

ನಿತ್ಯದ ಆರೈಕೆ

ಕರಾವಳಿಯಲ್ಲಿ ಹೆಚ್ಚು ಸಾಧನಗಳು ಹಾಳಾಗುವುದು ಆಳದಿಂದಲ್ಲ, ಉಪ್ಪು ಮತ್ತು ಬಿಸಿಲಿನಿಂದ ಎಂದು ತಿಳಿಯಬೇಕು. ಉಪ್ಪುನೀರಿನಲ್ಲಿ ಬಳಸಿದ ಸಾಧನವನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಬೆವರಿನಲ್ಲಿಯೂ ಉಪ್ಪು ಇರುವುದರಿಂದ ನದಿಯ ಅಭ್ಯಾಸದ ನಂತರವೂ ಇದು ಅವಶ್ಯ. ಚಾರ್ಜಿಂಗ್ ಬಿಂದುಗಳು ಸಂಪೂರ್ಣ ಒಣಗುವ ಮೊದಲು ವಿದ್ಯುತ್ ಸಂಪರ್ಕ ನೀಡಿದಲ್ಲಿ ಲೋಹವು ಕಿಲುಬು ಹಿಡಿದು ಕ್ರಮೇಣ ಚಾರ್ಜ್ ಆಗುವುದೇ ನಿಂತುಹೋಗುತ್ತದೆ. ಎತ್ತರ ಅಳೆಯುವ ಮಾದರಿಗಳ ಹಿಂಭಾಗದ ಅಥವಾ ಪಕ್ಕದ ಸಣ್ಣ ರಂಧ್ರಗಳಲ್ಲಿ ಹೊಳೆಯ ಮರಳು ಮತ್ತು ಕೆಸರು ಕುಳಿತಲ್ಲಿ ನೀರಿನಲ್ಲಿ ಅದ್ದಿ ತೆಗೆಯಬೇಕು. ಸೂಜಿ ಅಥವಾ ಗುಂಡುಪಿನ್ನು ಹಾಕಿ ಕೆದಕತಕ್ಕದ್ದಲ್ಲ. ತೋಟಕ್ಕೆ ನೀರು ಹಾಯಿಸುವ ಪೈಪಿನ ರಭಸದ ಧಾರೆಯನ್ನು ಸಾಧನದ ಮೇಲೆ ಬಿಡಬಾರದು.

ಬಿಸಿಲಿನಲ್ಲಿ ಕಾದ ಸಾಧನವನ್ನು ಒಮ್ಮೆಲೇ ತಣ್ಣೀರಿಗೆ ಅದ್ದಿದಾಗ ಒಳಗಿನ ಗಾಳಿ ಕುಗ್ಗಿ, ಸಂದುಗಳ ಮೂಲಕ ನೀರನ್ನು ಒಳಕ್ಕೆ ಎಳೆಯುವ ಸಂಭವವಿರುತ್ತದೆ. ದೋಣಿಯ ಮುಂಭಾಗಕ್ಕೆ ಕಟ್ಟಿದ ಸಾಧನಗಳಿಗೆ ಈ ಅಪಾಯ ಹೆಚ್ಚು. ಮೊದಲು ಸ್ವಲ್ಪ ನೀರು ಚಿಮುಕಿಸಿ ತಣಿಸುವುದು ಲೇಸು. ನೀರಿನಡಿಯಲ್ಲಿ ಗುಂಡಿಗಳನ್ನು ಒತ್ತಬಾರದು. ಒದ್ದೆಯಾದಾಗ ಸ್ಪರ್ಶ ಪರದೆಗಳು ತಾವಾಗಿಯೇ ಆದೇಶ ತೆಗೆದುಕೊಳ್ಳುವುದುಂಟು. ಆದ್ದರಿಂದ ಹೊರಡುವ ಮೊದಲೇ ಪರದೆಗೆ ಬೀಗ ಹಾಕತಕ್ಕದ್ದು. ಸಾಬೂನು, ಸೊಳ್ಳೆ ನಿವಾರಕ ದ್ರವ ಮತ್ತು ಬಿಸಿಲಿನ ಲೇಪಗಳು ಬಿಗಿಪಟ್ಟಿಗಳಿಗೆ ಹಾನಿ ಮಾಡುತ್ತವೆ.

ಐಪಿಎಕ್ಸ್ 7 ಗುರುತಿನ ಹಳೆಯ ಸಾಧನ ಹೊಂದಿರುವವರು ಪಾರದರ್ಶಕ ಜಲಚೀಲವನ್ನು ಬಳಸಬಹುದು. ಉಪಗ್ರಹದ ಸಂಕೇತಕ್ಕೆ ತೆಳು ಪ್ಲಾಸ್ಟಿಕ್ ಅಡ್ಡಿಯಾಗುವುದಿಲ್ಲ. ಮೊದಲು ಚೀಲದಲ್ಲಿ ಒಣ ಕಾಗದ ಮತ್ತು ಒಂದು ಕಲ್ಲನ್ನು ಇಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಕಾಗದ ಒಣಗಿಯೇ ಇದ್ದಲ್ಲಿ ಮಾತ್ರ ಸಾಧನವನ್ನು ಇರಿಸುವುದು.

ಒಳಗೆ ಮಂಜು ಕಟ್ಟಿದಲ್ಲಿ ಕೂಡಲೇ ಸಾಧನವನ್ನು ಆರಿಸಿ, ಚಾರ್ಜ್ ಮಾಡದೆ, ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು ಸೇವಾ ಕೇಂದ್ರಕ್ಕೆ ಒಯ್ಯತಕ್ಕದ್ದು. ಅಕ್ಕಿಯ ಡಬ್ಬದಲ್ಲಿ ಹೂತಿಡುವ ರೂಢಿಯಿಂದ ಪ್ರಯೋಜನವಿಲ್ಲ. ಕುಚ್ಚಲಕ್ಕಿಯಾದರೂ ಬೆಳ್ತಿಗೆಯಾದರೂ ಅಷ್ಟೇ. ಧೂಳು ಮತ್ತು ಹಿಟ್ಟು ರಂಧ್ರಗಳಿಗೆ ಸೇರುವುದೊಂದು ಹೆಚ್ಚುವರಿ ತೊಂದರೆ.

ಸುರಕ್ಷತೆ

ಸಾಧನವು ಧರಿಸಿದವರನ್ನು ತೇಲಿಸುವುದಿಲ್ಲ. ಈಜು ಬಲ್ಲವರೂ ಜೀವರಕ್ಷಕ ಕವಚವನ್ನು ಧರಿಸದೆ ದೋಣಿ ಹತ್ತತಕ್ಕದ್ದಲ್ಲ. ಘಟ್ಟದಲ್ಲಿ ಮಳೆ ಸುರಿದಾಗ ಕೊಕ್ಕಡದಲ್ಲಿ ಬಿಸಿಲಿದ್ದರೂ ಹೊಳೆಯ ಮಟ್ಟ ಒಮ್ಮೆಲೇ ಏರಬಹುದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಪರಿಸರದಲ್ಲಿ ಉಂಟಾದ ಪ್ರವಾಹವು ಬೆಳ್ತಂಗಡಿ ತಾಲ್ಲೂಕಿನವರ ನೆನಪಿನಲ್ಲಿದೆ. ಇದರ ಮುನ್ಸೂಚನೆ ಮಣಿಕಟ್ಟಿನ ಪರದೆಯ ಮೇಲೆ ಬರುವುದಿಲ್ಲ. ಮಳೆಗಾಲದಲ್ಲಿ ಅಭ್ಯಾಸವನ್ನು ನಿಲ್ಲಿಸುವುದು ಮತ್ತು ತುಂಬೆ ಮುಂತಾದ ಕಿಂಡಿ ಅಣೆಕಟ್ಟುಗಳಿಂದ ಎಲ್ಲ ಕಾಲದಲ್ಲಿಯೂ ದೂರವಿರುವುದು ಅವಶ್ಯ. ಶಿಶಿಲದ ಮತ್ಸ್ಯತೀರ್ಥದಂತಹ ದೇವರ ಮೀನುಗಳ ತಾಣಗಳಲ್ಲಿ ದೋಣಿ ಇಳಿಸಬಾರದು.

ಅಪಘಾತವನ್ನು ಗುರುತಿಸಿ ಮನೆಯವರಿಗೆ ಸಂದೇಶ ಕಳುಹಿಸುವ ಸೌಲಭ್ಯವು ಹೆಚ್ಚಿನ ಮಾದರಿಗಳಲ್ಲಿ ಜೊತೆಯಲ್ಲಿರುವ ಮೊಬೈಲ್ ದೂರವಾಣಿಯ ಮೂಲಕವೇ ಕೆಲಸ ಮಾಡುತ್ತದೆ. ಸಿಗ್ನಲ್ ಇಲ್ಲದ ಕಡೆ, ಅಥವಾ ದೂರವಾಣಿಯನ್ನು ದಡದಲ್ಲಿ ಬಿಟ್ಟು ಹೋದಲ್ಲಿ, ಸಂದೇಶ ಹೋಗುವುದಿಲ್ಲ. ಯಾವ ಭಾಗಕ್ಕೆ ಹೋಗುತ್ತಿರುವುದು, ಎಷ್ಟು ಗಂಟೆಗೆ ಮರಳುವುದು ಎಂಬುದನ್ನು ಮನೆಯಲ್ಲಿ ತಿಳಿಸಿಯೇ ಹೊರಡಬೇಕು. ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ಸಂಖ್ಯೆ 112.

ಉಪಗ್ರಹ ಸಂದೇಶ ಸಾಧನಗಳ ಬಗ್ಗೆ ಎಚ್ಚರಿಕೆ

ಜಿಪಿಎಸ್ ಕೈಗಡಿಯಾರವು ಉಪಗ್ರಹದಿಂದ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಆದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಕೈಸಾಧನಗಳು ಹಾಗೂ ಇತ್ತೀಚಿನ ಕೆಲವು ಕೈಗಡಿಯಾರಗಳು ಬೇರೆ ವರ್ಗಕ್ಕೆ ಸೇರುತ್ತವೆ. ಭಾರತದಲ್ಲಿ ಉಪಗ್ರಹ ದೂರವಾಣಿ ಮತ್ತು ಸಂದೇಶ ಸಾಧನಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಹೊಂದುವುದು ಮತ್ತು ಬಳಸುವುದು ಅಪರಾಧವಾಗಿದ್ದು, ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರ ಮೇಲೆ ಪ್ರಕರಣಗಳು ದಾಖಲಾಗಿರುತ್ತವೆ. ಹೊರದೇಶದಲ್ಲಿರುವ ಬಂಧುಗಳ ಮೂಲಕ ಸಾಧನ ತರಿಸಿಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಖರೀದಿ, ಖಾತರಿ ಮತ್ತು ದೂರು

ಜಾಹೀರಾತಿನಲ್ಲಿ ಜಲನಿರೋಧಕವೆಂದು ಘೋಷಿಸಿ, ಖಾತರಿ ಪತ್ರದ ಸಣ್ಣ ಅಕ್ಷರಗಳಲ್ಲಿ ನೀರಿನ ಹಾನಿಯನ್ನು ಹೊರತುಪಡಿಸಿರುವುದು ಕಂಡುಬರುತ್ತದೆ. ಹಣ ಪಾವತಿಸುವ ಮೊದಲೇ ಖಾತರಿ ಪತ್ರವನ್ನು ಓದಿ, ಕ್ರಮಸಂಖ್ಯೆ ನಮೂದಿಸಿದ ಬಿಲ್ಲನ್ನು ಪಡೆದು, ಪೆಟ್ಟಿಗೆಯ ಮೇಲಿನ ಗುರುತಿನ ಛಾಯಾಚಿತ್ರದೊಂದಿಗೆ ಇರಿಸಿಕೊಳ್ಳಬೇಕು. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಕೊಳ್ಳುವುದು ಉಳಿತಾಯವಲ್ಲ. ಘೋಷಿಸಿದ ಮಿತಿಯೊಳಗೆ ಬಳಸಿದಾಗಲೂ ನೀರು ಹೊಕ್ಕಿದಲ್ಲಿ ಮೊದಲು ಮಾರಾಟಗಾರರಿಗೆ ಹಾಗೂ ತಯಾರಕರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು.

ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾಗಿರುವುದರಿಂದ, ಬೆಂಗಳೂರಿನ ಅಂಗಡಿಯಿಂದ ಅಥವಾ ಅಂತರ್ಜಾಲದ ಮೂಲಕ ಖರೀದಿಸಿದವರೂ ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ದೂರನ್ನು ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದಾಗಿದೆ. ದೂರಿನೊಂದಿಗೆ ಬಿಲ್ಲು, ಖಾತರಿ ಪತ್ರ, ಪತ್ರವ್ಯವಹಾರದ ಪ್ರತಿಗಳು ಮತ್ತು ಸೇವಾ ಕೇಂದ್ರದ ವರದಿಯನ್ನು ಲಗತ್ತಿಸುವುದು.