‘ಓ’ಬ್ರಯನ್’ ಎಂಬ ಐರಿಷ್ ಕುಲನಾಮದ ಉತ್ಪತ್ತಿಯೂ ಆ ನಾಮಧಾರಿಗಳಲ್ಲಿ ಪ್ರಸಿದ್ಧರಾದವರೂ

ಯುರೋಪ ಖಂಡದಲ್ಲಿ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮಾರ್ಪಡದೆ ಅನುವೃತ್ತವಾಗುವ ಕುಲನಾಮಗಳು ಬಹು ಪೂರ್ವದಲ್ಲಿಯೇ ನೆಲೆಗೊಂಡ ದೇಶಗಳಲ್ಲಿ ಐರ್ಲೆಂಡೂ ಒಂದು. ಕ್ರಿ. ಶ. ೯೧೬ರಲ್ಲಿ ಮೃತನಾದ ಒಬ್ಬ ಸಾಮಂತನನ್ನು ಆ ದೇಶದ ವಾರ್ಷಿಕ ವೃತ್ತಾಂತಗಳು ‘ಓ ಕ್ಲೇರಿ’ ಎಂಬ ಕುಲನಾಮದಿಂದ ನಿರ್ದೇಶಿಸುತ್ತವೆ. ಇದಾದ ಎರಡು ಶತಮಾನಗಳೊಳಗಾಗಿ ಉದಯಿಸಿ, ಆ ದೇಶದ ರಾಜಕೀಯದಲ್ಲಿಯೂ ಯುದ್ಧದಲ್ಲಿಯೂ ಸಾಹಿತ್ಯದಲ್ಲಿಯೂ ನಿರಂತರವಾಗಿ ಕೇಳಿಬಂದ ಕುಲನಾಮವೇ ‘ಓ’ಬ್ರಯನ್’ ಎಂಬುದು. ಈ ಹೆಸರು ಹೇಗೆ ಹುಟ್ಟಿತು, ಅದನ್ನು ಧರಿಸಿದವರೆಲ್ಲರೂ ಏಕವಂಶೀಯರೇ, ಕುಲನಾಮವೆಂಬುದು ಇತಿಹಾಸಕ್ಕೆ ಎಷ್ಟರಮಟ್ಟಿಗೆ ಪ್ರಮಾಣ, ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ.

ಮೊದಲು ಶಬ್ದವಿಚಾರ. ಇಂಗ್ಲಿಷ್ ಬರವಣಿಗೆಯಲ್ಲಿ ‘ಓ’ ಎಂಬ ಅಕ್ಷರದ ಮುಂದೆ ಲೋಪಚಿಹ್ನೆಯನ್ನು ಹಾಕುವ ರೂಢಿಯುಂಟು. ಇದನ್ನು ಕಂಡವರು, ಈ ‘ಓ’ಕಾರವು ಸಂಬಂಧಾರ್ಥಕವಾದ ಯಾವುದೋ ಇಂಗ್ಲಿಷ್ ಅವ್ಯಯದ ಸಂಕ್ಷೇಪವೆಂದು ಭ್ರಮಿಸುವುದು ಸಹಜ. ಆದರೆ ಐರಿಷ್ ಭಾಷೆಯಲ್ಲಿ ಅಂತಹ ಲೋಪವೇನೂ ಇಲ್ಲ. ‘ಓ’ ಎಂಬುದು ‘ಉಅ’ ಎಂಬ ಪ್ರಾಚೀನ ಶಬ್ದದ ಪರಿಣತರೂಪ, ಮೊಮ್ಮಗನೆಂಬುದು ಅದರ ಮೂಲಾರ್ಥ, ವಂಶಜನೆಂಬುದು ವಿಸ್ತೃತಾರ್ಥ. ಇದಕ್ಕೆ ಪ್ರತಿಯಾಗಿ ‘ಮ್ಯಾಕ್’ ಎಂಬ ಶಬ್ದವು ಮಗನನ್ನು ಹೇಳುತ್ತದೆ. ಇವೆರಡರಲ್ಲಿ ಯಾವುದು ಪೂರ್ವಪದವಾದರೂ ಉತ್ತರಪದವಾದ ಮೂಲಪುರುಷನ ಹೆಸರು ಷಷ್ಠೀವಿಭಕ್ತಿಯಲ್ಲಿರುವುದು. ಆದುದರಿಂದ ‘ಓ’ಬ್ರಯನ್’ ಎಂದರೆ ‘ಬ್ರಿಯನ್ ಎಂಬುವನ ಮೊಮ್ಮಗ, ಅವನ ವಂಶಜ’ ಎಂದು ಅರ್ಥ.

ಸಂಸ್ಕೃತ ವ್ಯಾಕರಣದಲ್ಲಿ ಪರಿಶ್ರಮವುಳ್ಳವರಿಗೆ ಇಲ್ಲಿ ಒಂದು ಸಾದೃಶ್ಯವು ಹೊಳೆಯದಿರದು. ಪಾಣಿನಿಯು ಅಪತ್ಯಾರ್ಥಕ ತದ್ಧಿತಗಳನ್ನು ವಿಧಿಸುವಾಗ ಸಾಕ್ಷಾತ್ ಪುತ್ರನನ್ನು ಬೇರೆಯಾಗಿಯೂ, ಪೌತ್ರನಿಂದ ಮೊದಲ್ಗೊಂಡ ಸಂತತಿಯನ್ನು ‘ಗೋತ್ರ’ವೆಂಬ ಸಂಜ್ಞೆಯಿಂದ ಬೇರೆಯಾಗಿಯೂ ಗಣಿಸಿದ್ದಾನೆ. ಗರ್ಗನ ಮಗನು ಗಾರ್ಗಿ. ಮೊಮ್ಮಗನೂ ಅವನಿಂದೀಚಿನವರೂ ಗಾರ್ಗ್ಯರು. ಐರಿಷ್ ಭಾಷೆಯು ‘ಮ್ಯಾಕ್’ ಶಬ್ದವನ್ನು ಪುತ್ರನಿಗೂ ‘ಉಅ’ ಶಬ್ದವನ್ನು ಪೌತ್ರನಿಗೂ ಮೊದಲು ಮೀಸಲಾಗಿಟ್ಟು, ಬಳಿಕ ಆ ಪೌತ್ರವಾಚಕವನ್ನೇ ಸಮಸ್ತ ಸಂತತಿಗೂ ಹರಡಿದುದು ಇದೇ ಬಗೆಯ ಬುದ್ಧಿವ್ಯಾಪಾರ. ಆದರೆ ಸಾದೃಶ್ಯಮಾತ್ರದಿಂದ ಸಂಬಂಧವನ್ನು ಊಹಿಸುವುದು ಶಾಸ್ತ್ರಸಮ್ಮತವಲ್ಲ. ವಂಶವನ್ನು ಎಣಿಸುವ ಸಮಾಜಗಳೆಲ್ಲಕ್ಕೂ ಪುತ್ರನಿಂದಾಚೆಗಿನ ಸಂತತಿಯನ್ನು ಒಂದೇ ಮಾತಿನಲ್ಲಿ ಹಿಡಿಯುವ ಅವಶ್ಯಕತೆ ಬೀಳುವುದರಿಂದ, ಎರಡೂ ಕಡೆ ಸ್ವತಂತ್ರವಾಗಿಯೇ ಇದು ಸಂಭವಿಸಬಹುದು. ಸ್ತ್ರೀಯರ ವಿಷಯದಲ್ಲಿಯೂ ಐರಿಷ್ ಭಾಷೆಯು ಸೂಕ್ಷ್ಮತೆಯನ್ನು ಬಿಟ್ಟಿಲ್ಲ. ಮೊಮ್ಮಗನೆಂಬ ಶಬ್ದವು ಸ್ತ್ರೀಗೆ ಒಪ್ಪದುದರಿಂದ, ಈ ಕುಲದ ಕನ್ಯೆಗೆ ‘ನೀ ವ್ರಿಯಿನ್’ ಎಂದೂ ಕುಲವಧುವಿಗೆ ‘ಈ ವ್ರಿಯಿನ್’ ಎಂದೂ ವ್ಯವಹಾರ. ‘ನೀ’ ಎಂಬುದು ‘ಓ ಎಂಬುವನ ಮಗಳು’ ಎಂಬ ಅರ್ಥದ ಪದದ್ವಯವು ಸವೆದು ಆದ ರೂಪ.

ಇನ್ನು ಮೂಲಪುರುಷನ ವಿಚಾರ. ಈತನು ಬ್ರಿಯನ್ ಬೋರು ಎಂಬ ಪ್ರಖ್ಯಾತ ರಾಜನು. ಐರ್ಲೆಂಡಿನ ದಕ್ಷಿಣಭಾಗವಾದ ಮನ್‌ಸ್ಟರ್ ಪ್ರಾಂತದಲ್ಲಿ ಶ್ಯಾನನ್ ನದಿಯ ತೀರವನ್ನಾಶ್ರಯಿಸಿದ್ದ ‘ದಾಲ್ ಗಾಶ್’ ಎಂಬ ಕುಲದಲ್ಲಿ ಇವನ ಜನನ. ಈ ಕುಲದವರು ಪೂರ್ವದಲ್ಲಿ ಕಪ್ಪವನ್ನೊಪ್ಪಿಸುವ ಸಾಮಾನ್ಯ ಜನಸಮುದಾಯವೊಂದರ ಶಾಖೆಯಾಗಿದ್ದರು. ಹತ್ತನೆಯ ಶತಮಾನದಲ್ಲಿ ಇವರ ಬಲವು ಹೆಚ್ಚಿದ ಮೇಲೆ, ಮನ್‌ಸ್ಟರಿನ ಪುರಾತನ ರಾಜಕುಲದ ಮೂಲಪುರುಷನಿಗೆ ಇವರ ಮೂಲಪುರುಷನು ಸಹೋದರನೆಂಬ ವಂಶಾವಳಿಯು ರಚಿತವಾಯಿತು. ರಾಜ್ಯವು ಮೊದಲು, ವಂಶಾವಳಿಯು ಆಮೇಲೆ ಎಂಬ ಈ ಕ್ರಮವನ್ನು ಪ್ರಶಸ್ತಿಗಳನ್ನೋದಿ ಬಲ್ಲವರು ಆಶ್ಚರ್ಯದಿಂದ ಕಾಣಲಾರರು. ೯೭೬ರಲ್ಲಿ ಅಣ್ಣನಾದ ಮಾಹೊನನು ಶತ್ರುಗಳಿಂದ ಹತನಾಗಲು, ಬ್ರಿಯನ್ನನು ಆ ಹಗೆಯನ್ನು ತೀರಿಸಿಕೊಂಡು ಮನ್‌ಸ್ಟರಿಗೆ ಒಡೆಯನಾದನು. ೯೯೭ರಲ್ಲಿ ಉತ್ತರದ ಪ್ರಬಲ ರಾಜನಾದ ಮಾಲ್ ಶೆಖ್ನಲನೊಡನೆ ದೇಶವನ್ನು ಹಂಚಿಕೊಂಡು, ೧೦೦೨ರಲ್ಲಿ ಆತನಿಂದಲೇ ಅಧಿರಾಜನೆಂದು ಅಂಗೀಕೃತನಾದನು. ೧೦೦೫ರಲ್ಲಿ ಇವನು ಆರ್ಮಾ ಕ್ಷೇತ್ರಕ್ಕೆ ಹೋಗಿ ಚಿನ್ನವನ್ನರ್ಪಿಸಿದಾಗ, ಅಲ್ಲಿಯ ಪವಿತ್ರಗ್ರಂಥದಲ್ಲಿ ಇವನಿಗೆ ಲ್ಯಾಟಿನ್ ಭಾಷೆಯಲ್ಲಿ ಐರಿಷ್ ಜನರ ಚಕ್ರವರ್ತಿಯೆಂಬ ಬಿರುದು ಬರೆಯಲ್ಪಟ್ಟಿತು. ೧೦೧೪ನೆಯ ಏಪ್ರಿಲ್ ೨೩ರಂದು, ಕ್ರೈಸ್ತರ ಶುಭಶುಕ್ರವಾರದ ದಿನ, ಡಬ್ಲಿನ್ ಸಮೀಪದ ಕ್ಲಾಂಟಾರ್ಫಿನಲ್ಲಿ ಇವನ ಸೈನ್ಯವು ಜಯಶಾಲಿಯಾಯಿತು. ಆದರೆ ವೃದ್ಧನಾದ ರಾಜನೂ ಅವನ ಮಗನೂ ಮೊಮ್ಮಗನೊಬ್ಬನೂ ಆ ದಿನವೇ ಮಡಿದರು. ರಾಜನ ದೇಹವನ್ನು ಆರ್ಮಾದಲ್ಲಿ ಸಮಾಧಿಮಾಡಿದರು.

ಲೋಕದಲ್ಲಿ ಪ್ರಚಲಿತವಾದ ಒಂದು ಐತಿಹ್ಯವಿದೆ. ಅದೇನೆಂದರೆ, ಐರಿಷ್ ಜನರೆಲ್ಲರೂ ಕುಲನಾಮವನ್ನು ಧರಿಸಬೇಕೆಂದು ಬ್ರಿಯನ್ ಬೋರುವೇ ಶಾಸನಮಾಡಿದನೆಂಬುದು. ಈ ಮತವು ನಿಲ್ಲುವಂತಿಲ್ಲ. ಇವನಿಗಿಂತ ಪೂರ್ವದಲ್ಲಿಯೇ ‘ಓ ಕ್ಲೇರಿ’ ಎಂಬ ನಾಮವು ಕಾಣುತ್ತಿರುವುದು ಒಂದು ಬಾಧಕ. ಅದಕ್ಕಿಂತ ಬಲವತ್ತರವಾದ ಬಾಧಕವು ಇವನ ಮನೆಯಲ್ಲಿಯೇ ಇದೆ. ಇವನ ಮಕ್ಕಳಾದ ಡೊನಖ ಮತ್ತು ಟೈಗ್ ಎಂಬವರಿಗೆ ಕುಲನಾಮವಿಲ್ಲ. ಅವರು ‘ಬ್ರಿಯನ್ನನ ಮಗ’ ಎಂದೇ ಕರೆಯಲ್ಪಟ್ಟಿದ್ದಾರೆ. ಟೈಗನ ಮಗನಾದ ಟರ್ಲೋ ಎಂಬುವನೇ ‘ಉಅ ಬ್ರಿಯಿನ್’ ಎಂಬ ಪದದಿಂದ ನಿರ್ದಿಷ್ಟನಾದವನು. ಆದರೆ ೧೦೮೬ರಲ್ಲಿ ಮೃತನಾದ ಈತನು ಬ್ರಿಯನ್ನನಿಗೆ ನಿಜವಾಗಿಯೂ ಮೊಮ್ಮಗನು. ಆದಕಾರಣ ಅವನ ವಿಷಯದಲ್ಲಿ ಆ ಪದವು ಯೌಗಿಕವೇ ಹೊರತು ರೂಢಿಯೆಂದು ಹೇಳಲು ಸಾಧನವಿಲ್ಲ. ಟರ್ಲೋವಿನ ಮಗ ಮುರ್ಖೆರ್ತಾಖನು ಮರಿಮಗನು. ಅವನನ್ನು ಮೊಮ್ಮಗನೆಂದರೆ ಯೋಗಾರ್ಥವು ತಪ್ಪುವುದು. ಆದರೂ ಅವನು ‘ಉಅ ಬ್ರಿಯಿನ್’ ಎಂದೇ ಪ್ರಸಿದ್ಧನು. ಯೋಗಾರ್ಥವು ಎಲ್ಲಿ ಮುರಿಯಿತೋ ಅಲ್ಲಿಯೇ ಕುಲನಾಮವು ಹುಟ್ಟಿತೆಂದು ತಿಳಿಯತಕ್ಕದ್ದು. ಆದ್ದರಿಂದ ಈ ಹೆಸರು ಮೂಲಪುರುಷನ ಶಾಸನದಿಂದಲ್ಲ, ಮರಿಮಗನ ಕಾಲದ ವ್ಯವಹಾರದಿಂದ, ಅಂದರೆ ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಥಿರಪಟ್ಟಿತೆಂಬುದು ನಿರ್ಣಯ.

ಈ ಮುರ್ಖೆರ್ತಾಖನು ಸಾಮಾನ್ಯನಲ್ಲ. ೧೧೦೧ರಲ್ಲಿ ಮನ್‌ಸ್ಟರಿನ ಪುರಾತನ ರಾಜಪೀಠವಾದ ಕ್ಯಾಶೆಲ್ ಶಿಲೆಯನ್ನು ಕ್ರೈಸ್ತಸಂಘಕ್ಕೆ ದಾನಮಾಡಿದನು. ಧರ್ಮಕಾರ್ಯವಾದ ಈ ದಾನದಿಂದ ಪ್ರತಿಸ್ಪರ್ಧಿಗಳಾದ ಹಳೆಯ ರಾಜಕುಲದವರಿಗೆ ಅವರ ಪೀಠವು ಶಾಶ್ವತವಾಗಿ ತಪ್ಪಿತೆಂಬುದೂ ಗಮನಾರ್ಹ. ನಾರ್ವೆಯ ರಾಜಕುಮಾರನಿಗೂ ಇಂಗ್ಲೆಂಡಿನ ಪ್ರಬಲ ಸಾಮಂತನೊಬ್ಬನಿಗೂ ಹೆಣ್ಣುಮಕ್ಕಳನ್ನು ಕೊಟ್ಟು ಸಂಬಂಧವನ್ನು ಬೆಳೆಸಿದನು. ಬ್ರಿಯನ್ನನ ಪರಾಕ್ರಮವನ್ನು ವರ್ಣಿಸುವ, ಐರಿಷರಿಗೂ ಪರದೇಶೀಯರಿಗೂ ನಡೆದ ಯುದ್ಧವೆಂಬ ಅರ್ಥದ ಹೆಸರುಳ್ಳ ಗದ್ಯಕಾವ್ಯವು ರಚಿತವಾದುದೂ ಈತನ ಕಾಲದಲ್ಲಿಯೇ ಎಂದು ವಿದ್ವಾಂಸರ ಮತ. ಬ್ರಿಯನ್ನನು ದೇಶವನ್ನು ನಾರ್ವೆ ಡೆನ್ಮಾರ್ಕಿನವರ ದಾಸ್ಯದಿಂದ ಬಿಡಿಸಿದ ಉದ್ಧಾರಕನೆಂಬ ಪ್ರಸಿದ್ಧಿಗೆ ಈ ಗ್ರಂಥವೇ ಮುಖ್ಯಾಧಾರ. ವಸ್ತುಸ್ಥಿತಿಯಾದರೋ ಇಷ್ಟು ಸರಳವಲ್ಲ. ಕ್ಲಾಂಟಾರ್ಫಿನಲ್ಲಿ ಇವನಿಗೆ ಇದಿರಾದವರಲ್ಲಿ ಲೆನ್‌ಸ್ಟರಿನ ಐರಿಷ್ ರಾಜನೂ ಇದ್ದನು. ಡಬ್ಲಿನ್ನಿನ ನಾರ್ವೀಜಿಯ ರಾಜನಾದ ಸಿಟ್ರಿಕನು ಇವನ ಅಳಿಯನೇ ಆಗಿದ್ದನು, ಮತ್ತು ಯುದ್ಧಾನಂತರ ೧೦೩೬ರವರೆಗೂ ಅದೇ ನಗರವನ್ನು ಆಳುತ್ತಿದ್ದನು. ಹೀಗಿರಲು, ಕುಲನಾಮವೂ ಕುಲಪ್ರಶಸ್ತಿಯೂ ಒಂದೇ ಆಸ್ಥಾನದಲ್ಲಿ, ಒಂದೇ ಕಾಲದಲ್ಲಿ, ಒಂದೇ ಉದ್ದೇಶದಿಂದ ನೆಲೆಗೊಂಡವೆಂದು ಊಹಿಸುವುದು ಯುಕ್ತ. ‘ಬ್ರಿಯನ್ನನ ವಂಶಜ’ ಎಂದು ಹೇಳಿಕೊಳ್ಳುವುದು ಬರಿಯ ಪರಿಚಯವಲ್ಲ. ಸಿಂಹಾಸನಕ್ಕೆ ಹಕ್ಕನ್ನು ಸಾರುವ ಘೋಷಣೆ.

ಆ ಹಕ್ಕು ಬಹುಕಾಲ ನಿಲ್ಲಲಿಲ್ಲ. ೧೧೧೮ರಲ್ಲಿ ಮನ್‌ಸ್ಟರ್ ಪ್ರಾಂತವು ಎರಡಾಗಿ, ಉತ್ತರಭಾಗವಾದ ಥೋಮಂಡ್ ಮಾತ್ರ ಓ’ಬ್ರಯನ್ನರಿಗೆ ಉಳಿಯಿತು. ೧೧೯೪ರಲ್ಲಿ ಕಾಲವಾದ ಡೊನಲ್ ಮೋರ್ ಎಂಬ ರಾಜನು ಲಿಮರಿಕ್ ನಗರದ ಸೇಂಟ್ ಮೇರಿ ದೇವಾಲಯಕ್ಕೆ ಸ್ಥಾಪಕನು; ಆಂಗ್ಲರಾಜನಾದ ಎರಡನೆಯ ಹೆನ್ರಿಗೆ ೧೧೭೧ರಲ್ಲಿ ಶರಣಾದರೂ, ೧೧೭೪ರಲ್ಲಿ ಥರ್ಲ್ಸ್ ಎಂಬಲ್ಲಿ ನಾರ್ಮನ್ನರ ದಂಡನ್ನು ಮುರಿದನು. ೧೩೧೮ರ ಡೈಸರ್ಟ್ ಓಡೀ ಯುದ್ಧದಲ್ಲಿ ಈ ಕುಲದವರು ರಿಚರ್ಡ್ ಡಿ ಕ್ಲೇರನನ್ನು ಕೊಂದು ಥೋಮಂಡನ್ನು ಮತ್ತೆ ಎರಡು ಶತಮಾನಗಳವರೆಗೆ ಕಾಪಾಡಿಕೊಂಡರು.

ಬಳಿಕ ಆಘಾತವು ನೆಲದ ಮೇಲೆ ಮಾತ್ರವಲ್ಲ, ಹೆಸರಿನ ಮೇಲೆಯೂ ಬಿದ್ದಿತು. ಆಂಗ್ಲರಿಗೆ ಹೆಸರಿನ ಬಲವು ತಿಳಿದಿತ್ತು. ೧೪೬೫ರಲ್ಲಿಯೇ ಡಬ್ಲಿನ್ ಸುತ್ತಣ ನಾಲ್ಕು ಜಿಲ್ಲೆಗಳ ಐರಿಷರು ಊರು, ಬಣ್ಣ, ಕಸುಬು ಮೊದಲಾದುವನ್ನು ಸೂಚಿಸುವ ಆಂಗ್ಲ ಕುಲನಾಮಗಳನ್ನು ಧರಿಸತಕ್ಕದ್ದೆಂದು ಶಾಸನವಾಗಿತ್ತು. ಓ’ಬ್ರಯನ್ನರ ವಿಷಯದಲ್ಲಿ ಉಪಾಯವು ಬೇರೆ. ಐರಿಷ್ ಸಂಪ್ರದಾಯದಂತೆ ಕುಲಾಧಿಪತಿಯು ವ್ಯಕ್ತಿನಾಮವನ್ನು ಬಿಟ್ಟು ಬರಿಯ ‘ಓ’ಬ್ರಯನ್’ ಎಂದೇ ಕರೆಯಲ್ಪಡುತ್ತಿದ್ದನು. ಅದೇ ಅವನ ಪಟ್ಟ. ೧೫೪೩ರಲ್ಲಿ ಕುಲಾಧಿಪತಿಯಾದ ಮರ್ರೋ ಎಂಬುವನು ಎಂಟನೆಯ ಹೆನ್ರಿಗೆ ತನ್ನ ಭೂಮಿಯನ್ನೊಪ್ಪಿಸಿ, ಆ ಪಟ್ಟನಾಮವನ್ನು ತ್ಯಜಿಸಿ, ಅದೇ ಭೂಮಿಯನ್ನು ಥೋಮಂಡಿನ ಅರ್ಲ್ ಎಂಬ ಆಂಗ್ಲ ಬಿರುದಿನೊಡನೆ ಹಿಂದಕ್ಕೆ ಪಡೆದನು. ಕುಲದಿಂದ ಒದಗಿದ ಅಧಿಕಾರವು ಅಂದು ಅರಸನ ಅನುಗ್ರಹವಾಗಿ ಮಾರ್ಪಟ್ಟಿತು. ಕುಲನಾಮವು ಉಳಿಯಿತು, ಅದರೊಳಗಿನ ಘೋಷಣೆಯು ಅಳಿಯಿತು.

ಇದರ ಪರಿಣಾಮವು ಒಂದು ಶತಮಾನದ ಮೇಲೆ ಘೋರವಾಗಿ ಕಾಣಿಸಿತು. ಅದೇ ವಂಶದಲ್ಲಿ ಹುಟ್ಟಿ ಇಂಚಿಕ್ವಿನ್ ಪ್ರಭುವಾಗಿದ್ದ ಮತ್ತೊಬ್ಬ ಮರ್ರೋ, ಇಂಗ್ಲೆಂಡಿನ ಪಾರ್ಲಿಮೆಂಟಿನ ಪಕ್ಷದ ಸೇನಾನಿಯಾಗಿ, ೧೬೪೭ನೆಯ ಸೆಪ್ಟೆಂಬರಿನಲ್ಲಿ ಕ್ಯಾಶೆಲ್ ಶಿಲೆಯನ್ನು ಮುತ್ತಿ, ಅಲ್ಲಿ ಶರಣು ಹೊಕ್ಕಿದ್ದ ನೂರಾರು ಜನರನ್ನು ಕೊಲ್ಲಿಸಿದನು. ಪೂರ್ವಜನು ದೇವರಿಗೆ ಧಾರೆಯೆರೆದ ಬೆಟ್ಟವನ್ನು ಅದೇ ಹೆಸರಿನವನು ರಕ್ತದಿಂದ ತೋಯಿಸಿದನು. ಐರಿಷ್ ಜನರು ಅವನಿಗೆ ‘ಬೆಂಕಿಗಳ ಮರ್ರೋ’ ಎಂಬ ಅಡ್ಡಹೆಸರನ್ನಿಟ್ಟರು. ಮರುವರ್ಷವೇ ಪಕ್ಷವನ್ನು ಬದಲಿಸಿ, ಮುಂದೆ ಕ್ಯಾಥೊಲಿಕ್ ಮತಕ್ಕೆ ಸೇರಿ, ೧೬೭೪ರಲ್ಲಿ ಅವನು ಮೃತನಾದನು. ಕುಲನಾಮವು ಒಂದೇ ಆದುದರಿಂದ ನಡತೆಯೂ ನಿಷ್ಠೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ದೇಶವನ್ನು ಬಿಟ್ಟ ಶಾಖೆಯವರ ಗತಿಯು ಮತ್ತೊಂದು ವಿಧ. ಕ್ಲೇರ್ ವೈಕೌಂಟರು ಫ್ರಾನ್ಸ್ ದೇಶದ ಸೇವೆಗೆ ಸೇರಿದರು; ಅವರಲ್ಲಿ ಆರನೆಯವನಾದ ಚಾರ್ಲ್ಸನು ೧೭೪೫ರಲ್ಲಿ ಫಾಂಟನಾಯ್ ಯುದ್ಧದಲ್ಲಿ ಐರಿಷ್ ದಳವನ್ನು ನಡೆಯಿಸಿ, ೧೭೫೭ರಲ್ಲಿ ಫ್ರಾನ್ಸಿನ ಮಾರ್ಷಲ್ ಪದವಿಗೇರಿದನು. ಸ್ವದೇಶದಲ್ಲಿಯೇ ನಿಂತ ಡ್ರೊಮೊಲೆಂಡ್ ಶಾಖೆಯಲ್ಲಿ ೧೮೦೩ರಲ್ಲಿ ಹುಟ್ಟಿದ ವಿಲಿಯಂ ಸ್ಮಿತ್ ಓ’ಬ್ರಯನ್ನನು ಪ್ರಾಟೆಸ್ಟಂಟ್ ಜಮೀನುದಾರನೂ ಪಾರ್ಲಿಮೆಂಟ್ ಸದಸ್ಯನೂ ಆಗಿದ್ದರೂ, ಮಹಾಕ್ಷಾಮದಿಂದ ಜನರು ಸಾಯುತ್ತಿದ್ದ ಕಾಲದಲ್ಲಿ, ೧೮೪೮ನೆಯ ಜುಲೈ ತಿಂಗಳಲ್ಲಿ ಬ್ಯಾಲಿಂಗ್ಯಾರಿಯಲ್ಲಿ ಬಂಡಾಯಕ್ಕೆ ಮುಂದಾಳಾದನು. ಬಂಡಾಯವು ಕೂಡಲೆ ಅಡಗಿತು. ಮರಣದಂಡನೆಯು ದ್ವೀಪಾಂತರವಾಸಕ್ಕೆ ಇಳಿಸಲ್ಪಟ್ಟು, ಟಾಸ್ಮೇನಿಯಾದಲ್ಲಿದ್ದು, ೧೮೫೬ರಲ್ಲಿ ಪೂರ್ಣಕ್ಷಮೆಯನ್ನು ಹೊಂದಿ, ೧೮೬೪ರಲ್ಲಿ ಕಾಲವಾದನು. ಅವನ ಮಗಳಾದ ಷಾರ್ಲಟ್ ಗ್ರೇಸ್ ಎಂಬಾಕೆಯು ಅಮೆರಿಕೆಗೆ ಹೋಗುವ ಬಡ ಕನ್ಯೆಯರು ಹಡಗುಗಳಲ್ಲಿ ಪಡುತ್ತಿದ್ದ ಪಾಡನ್ನು ೧೮೮೧ರಲ್ಲಿ ಬಯಲಿಗೆ ತಂದು, ಕ್ವೀನ್ಸ್‌ಟೌನ್ ಬಂದರಿನಲ್ಲಿ ಅವರಿಗೆ ವಸತಿಗೃಹವನ್ನು ಏರ್ಪಡಿಸಿದಳು. ರಾಜರ ದಾನಗಳ ಸಾಲಿನಲ್ಲಿ ಇದನ್ನೂ ಎಣಿಸುವುದು ನ್ಯಾಯ.

ಸಾಹಿತ್ಯದಲ್ಲಿ ಇಪ್ಪತ್ತನೆಯ ಶತಮಾನವು ಈ ನಾಮಕ್ಕೆ ಹೊಸ ಕೀರ್ತಿಯನ್ನು ತಂದಿತು. ಲಿಮರಿಕ್ಕಿನವಳಾದ ಕೇಟ್ ಓ’ಬ್ರಯನ್ (೧೮೯೭–೧೯೭೪) ೧೯೪೧ರಲ್ಲಿ ಪ್ರಕಟಿಸಿದ ಕಾದಂಬರಿಯೂ, ಕ್ಲೇರ್ ಜಿಲ್ಲೆಯ ಟುವಂಗ್ರೇನಿಯಲ್ಲಿ ಹುಟ್ಟಿದ ಎಡ್ನಾ ಓ’ಬ್ರಯನ್ (೧೯೩೦–೨೦೨೪) ೧೯೬೦ರಲ್ಲಿ ಪ್ರಕಟಿಸಿದ ಪ್ರಥಮ ಕಾದಂಬರಿಯೂ ಸ್ವದೇಶದಲ್ಲಿಯೇ ನಿಷೇಧಕ್ಕೆ ಗುರಿಯಾದವು. ಇನ್ನು ಫ್ಲ್ಯಾನ್ ಓ’ಬ್ರಯನ್ ಎಂಬವನ ಕುಲನಾಮವು ಕಾವ್ಯನಾಮ ಮಾತ್ರ. ಅವನ ನಿಜನಾಮವು ಬ್ರಯನ್ ಓ’ನೋಲನ್ (೧೯೧೧–೧೯೬೬). ಭರತಖಂಡದಲ್ಲಿಯೂ ಈ ಹೆಸರು ಅಪರಿಚಿತವಲ್ಲ. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಸಮಾಜದ ಮುಖಂಡನೂ ಶಿಕ್ಷಣತಜ್ಞನೂ ಆದ ನೀಲ್ ಓ’ಬ್ರಯನ್ (೧೯೩೪–೨೦೧೬) ಇದನ್ನು ಧರಿಸಿದ್ದವನು.

ಹಾಗಾದರೆ ಈ ನಾಮಧಾರಿಗಳೆಲ್ಲರೂ ಬ್ರಿಯನ್ನನ ರಕ್ತಸಂಬಂಧಿಗಳೇ? ೧೮೯೦ರ ಜನನಲೆಕ್ಕದಿಂದ ಸಿದ್ಧವಾದ ಪಟ್ಟಿಯಲ್ಲಿ ಐರ್ಲೆಂಡಿನ ಕುಲನಾಮಗಳ ಪೈಕಿ ಓ’ಬ್ರಯನ್ ಎಂಬುದು ಆರನೆಯದು. ಮರ್ಫಿ, ಕೆಲ್ಲಿ, ಸಲಿವನ್ ಮುಂತಾದ ಹೆಸರುಗಳು ಆ ಪಟ್ಟಿಯಲ್ಲಿ ‘ಓ’ಕಾರವನ್ನು ಕಳೆದುಕೊಂಡೇ ಕಾಣುತ್ತವೆ, ಓ’ಬ್ರಯನ್ನರಾದರೋ ಅದನ್ನು ಉಳಿಸಿಕೊಂಡಿದ್ದಾರೆ. ಮೂಲಪುರುಷನ ಕೀರ್ತಿಯೇ ಇದಕ್ಕೆ ಕಾರಣವಿರಬಹುದು. ಆದರೆ ಅದೇ ಕೀರ್ತಿಯು ಅನ್ಯರನ್ನೂ ಆಕರ್ಷಿಸಬಲ್ಲದು. ಐರಿಷ್ ಭಾಷೆಯಲ್ಲಿ ಸರ್ವಥಾ ಬೇರೆಯಾದ ‘ಓ ಬ್ರಿನ್’ ಎಂಬ ಲೆನ್‌ಸ್ಟರಿನ ಕುಲನಾಮವು ಆಂಗ್ಲ ಲಿಪಿಕಾರರ ಕೈಯಲ್ಲಿ ಕೆಲವು ಕಡೆ ಇದರೊಡನೆ ಬೆರೆತುದುಂಟು. ನಾರ್ಮನ್ ಮೂಲದ ಬ್ರಯನ್ ಎಂಬ ಮನೆತನವೂ ಉಂಟು. ಆದಕಾರಣ ನಾಮಸಾಮ್ಯದಿಂದ ವಂಶೈಕ್ಯವನ್ನು ಸಾಧಿಸುವ ಹೇತುವು ವ್ಯಭಿಚಾರಿ. ಒಂದೊಂದು ಮನೆತನದ ವಿಷಯದಲ್ಲಿಯೂ ದಾಖಲೆಯೇ ಪ್ರಮಾಣ.

ಇಷ್ಟರಿಂದ ಕುಲನಾಮವು ಇತಿಹಾಸಕ್ಕೆ ನಿರುಪಯೋಗಿಯೆಂದು ತಿಳಿಯಬಾರದು. ಅದು ರಕ್ತಕ್ಕೆ ದುರ್ಬಲ ಸಾಕ್ಷಿ, ಸ್ಮೃತಿಗೆ ಪ್ರಬಲ ಸಾಕ್ಷಿ. ಹನ್ನೊಂದನೆಯ ಶತಮಾನದ ಜನರು ಯಾರನ್ನು ನೆನೆಯಬಯಸಿದರು, ಹದಿನಾರನೆಯ ಶತಮಾನದ ಅರಸನು ಯಾವುದನ್ನು ಮರೆಯಿಸಬಯಸಿದನು, ಹತ್ತೊಂಬತ್ತನೆಯ ಶತಮಾನದ ಬಡ ಒಕ್ಕಲಿಗನು ಯಾವ ಒಂದಕ್ಷರವನ್ನು ಬಿಡದೆ ಹಿಡಿದುಕೊಂಡನು ಎಂಬ ಮೂರು ಸಂಗತಿಗಳೂ ಈ ಒಂದು ಹೆಸರಿನಲ್ಲಿ ಓದಬರುತ್ತವೆ. ವಂಶಾವಳಿಗಳನ್ನು ಶೋಧಿಸುವವರು ಅದರಿಂದ ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂಬ ವಿವೇಕವನ್ನಿಟ್ಟುಕೊಂಡರೆ, ಅದು ತಪ್ಪು ಸಾಕ್ಷ್ಯವನ್ನು ನುಡಿಯುವುದಿಲ್ಲ.