ಏಪ್ರಿಲ್‌ನಲ್ಲೂ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಯಬಹುದೇ? ಫಾರ್ವರ್ಡ್ ಹೇಳದೆ ಬಿಡುವ ಅರ್ಧ ಸತ್ಯ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಹಿಮದ ಫೋಟೊಗಳು ಬರತೊಡಗುತ್ತವೆ. ಏಪ್ರಿಲ್‌ನಲ್ಲೂ ಗುಲ್ಮಾರ್ಗ್‌ನಲ್ಲಿ ಆಳೆತ್ತರದ ಹಿಮವಿದೆ, ಸ್ಕೀಯಿಂಗ್ ಗೊತ್ತಿಲ್ಲದವರೂ ಬರಬಹುದು, ಹತ್ತು ಜನ ಸೇರಿದರೆ ರಿಯಾಯಿತಿ ಎನ್ನುವ ಧಾಟಿಯ ಸಂದೇಶಗಳು ನಿಮಗೂ ಬಂದಿರಬಹುದು. ಆಫೀಸಿನ ಗೆಳೆಯರು, ಅಣ್ಣ-ತಮ್ಮಂದಿರ ಕುಟುಂಬಗಳು ಒಟ್ಟಾಗಿ ಮುಂಗಡ ಕೊಡುವುದೂ ಇಂಥ ಸಂದೇಶ ನೋಡಿಯೇ.

ಇದರಲ್ಲಿ ನಿಜ ಎಷ್ಟು? ಹಿಮ ಇರುತ್ತದೆ ಎನ್ನುವುದು ನಿಜ. ಹೊಸಬರು ಅದರ ಮೇಲೆ ಕಲಿಯಬಹುದು ಎನ್ನುವುದು ಏಪ್ರಿಲ್ ಮಟ್ಟಿಗೆ ಬಹುಪಾಲು ಸುಳ್ಳು. ಏಕೆಂದರೆ ಹಿಮ ಉಳಿದಿರುವ ಜಾಗ ಒಂದು, ಕಲಿಯುವ ಜಾಗ ಇನ್ನೊಂದು.

ಬೆಟ್ಟದ ಮೇಲಿನ ಹಿಮ ನಿಮಗೆ ಏಕೆ ಉಪಯೋಗವಿಲ್ಲ?

ಗುಲ್ಮಾರ್ಗ್ ಊರಿರುವುದು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗೊಂಡೊಲಾ, ಅಂದರೆ ಕೇಬಲ್ ಕಾರ್, ಎರಡು ಹಂತಗಳಲ್ಲಿ ಮೇಲಕ್ಕೆ ಹೋಗುತ್ತದೆ. ಮೊದಲ ಹಂತ ಕೊಂಗ್ಡೋರಿಯವರೆಗೆ, ಸುಮಾರು 3,080 ಮೀಟರ್. ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್. ಹೋಲಿಕೆಗೆ ಹೇಳುವುದಾದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸಿನದು. ಗುಲ್ಮಾರ್ಗ್‌ನ ಅತಿ ತಗ್ಗಿನ ಜಾಗವೂ ಅದಕ್ಕಿಂತ 700 ಮೀಟರ್ ಮೇಲಿದೆ.

ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಹಾಗಾಗಿ ಊರಿನಲ್ಲಿ 6 ಡಿಗ್ರಿ ಸೆಲ್ಸಿಯಸ್ ಇದ್ದು ಹಿಮ ಕರಗುತ್ತಿರುವಾಗ ಅಫರ್ವತ್ ಮೇಲೆ ಮೈನಸ್ 2 ಇರಬಹುದು. ಅಲ್ಲಿಯ ಹಿಮ ಏಪ್ರಿಲ್‌ನಲ್ಲೂ, ಕೆಲವು ವರ್ಷ ಮೇ ತಿಂಗಳಲ್ಲೂ ಉಳಿಯುತ್ತದೆ. ಫಾರ್ವರ್ಡ್‌ನ ಫೋಟೊ ತೆಗೆದಿರುವುದು ಅಲ್ಲಿ.

ಆದರೆ ಹೊಸಬರಿಗೆ ಕಲಿಸುವುದು ಊರಿನ ಪಕ್ಕದ ಹುಲ್ಲುಗಾವಲಿನಲ್ಲಿ, ಗಾಲ್ಫ್ ಮೈದಾನದ ಸುತ್ತಮುತ್ತಲಿನ ತಗ್ಗು ಇಳಿಜಾರುಗಳಲ್ಲಿ. ಬೆಟ್ಟದಲ್ಲೇ ಮೊದಲು ಕರಗುವ ಭಾಗ ಇದು. ಮಾರ್ಚ್ ಕೊನೆಯ ಹೊತ್ತಿಗೆ ಇಲ್ಲಿ ಅಲ್ಲಲ್ಲಿ ಹುಲ್ಲು, ಕೆಸರು ಕಾಣಿಸಿಕೊಳ್ಳುವುದು ಸಾಮಾನ್ಯ. ಅಫರ್ವತ್‌ನ ಇಳಿಜಾರುಗಳೋ ಕಡಿದಾದವು, ಹೆಚ್ಚಿನ ಭಾಗದಲ್ಲಿ ಯಂತ್ರದಿಂದ ಸಮತಟ್ಟು ಮಾಡಿದ ದಾರಿಯೂ ಇಲ್ಲ. ವರ್ಷಗಟ್ಟಲೆ ಅಭ್ಯಾಸವಿರುವ ವಿದೇಶಿಯರು ಹುಡುಕಿಕೊಂಡು ಬರುವುದು ಅದಕ್ಕಾಗಿಯೇ. ನಿನ್ನೆ ಮೊದಲ ಬಾರಿ ಬೂಟು ಹಾಕಿದವರು ಅಲ್ಲಿ ಫೋಟೊ ತೆಗೆಸಿಕೊಂಡು ಗೊಂಡೊಲಾದಲ್ಲೇ ಇಳಿಯಬೇಕು. ಬನ್ನಿ, ಮೇಲೆ ಕರೆದುಕೊಂಡು ಹೋಗಿ ಕಲಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ 2023ರ ಫೆಬ್ರವರಿ 1ರಂದು ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಅವರು ಹೊಸಬರಲ್ಲ.

ಹೀಗಾಗಿ ಜಾಗ ಆರಿಸುವಾಗ ನಾವು ಮೊದಲು ನೋಡುವ ಸಂಖ್ಯೆ ಒಂದೇ: ಕಲಿಯುವ ಇಳಿಜಾರು ಎಷ್ಟು ಎತ್ತರದಲ್ಲಿದೆ? ಶಿಖರದ ಎತ್ತರ, ಗೊಂಡೊಲಾದ ಉದ್ದ, ಏಷ್ಯಾದಲ್ಲೇ ಎಷ್ಟನೆಯದು ಎನ್ನುವುದೆಲ್ಲ ಜಾಹೀರಾತಿಗೆ ಚೆನ್ನ, ಹೊಸಬರ ಗುಂಪಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಹಾಗಾದರೆ ಯಾವಾಗ, ಎಲ್ಲಿಗೆ?

ಮಾರ್ಚ್ ಮೊದಲ ಎರಡು ವಾರ ಸಿಗುವುದಾದರೆ ಭಾರತದೊಳಗೆ ಗುಲ್ಮಾರ್ಗ್ ಒಳ್ಳೆಯ ಆಯ್ಕೆ. ಶ್ರೀನಗರ ವಿಮಾನ ನಿಲ್ದಾಣದಿಂದ ಸುಮಾರು 50 ಕಿ.ಮೀ. ರಸ್ತೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿದೆ, ಖಾಸಗಿ ಬೋಧಕರೂ ಸಿಗುತ್ತಾರೆ. ಸ್ಕೀ ಬೇಡ ಎನ್ನುವ ಅತ್ತೆ-ಮಾವಂದಿರಿಗೆ ಗೊಂಡೊಲಾದ ಮೊದಲ ಹಂತವಿದೆ. ಹತ್ತು ಜನರ ಗುಂಪಿನಲ್ಲಿ ಮೂವರಾದರೂ ಎರಡನೇ ದಿನಕ್ಕೆ ಸ್ಕೀ ಕೆಳಗಿಡುತ್ತಾರೆ ಎಂದು ಎಣಿಸಿಯೇ ಹೊರಡುವುದು ಜಾಣತನ. ಅವರಿಗೂ ಮಾಡಲು ಏನಾದರೂ ಇರುವ ಊರು ಬೇಕು.

ಉತ್ತರಾಖಂಡದ ಔಲಿಯ ಇಳಿಜಾರುಗಳು ಸರಿಸುಮಾರು 2,500ರಿಂದ 3,050 ಮೀಟರ್ ನಡುವೆ ಇವೆ. ಕಲಿಯಲು ಹಿತವಾದ ಜಾಗ. ಗಢವಾಲ್ ಮಂಡಲ ವಿಕಾಸ ನಿಗಮದ ಸ್ಕೀ ತರಬೇತಿಯೂ ಇದೆ. ಆದರೆ ಡೆಹ್ರಾಡೂನ್‌ನಿಂದ ಜೋಶಿಮಠಕ್ಕೆ ಇಡೀ ದಿನದ ಘಟ್ಟದ ರಸ್ತೆ. ಜೋಶಿಮಠ-ಔಲಿ ರೋಪ್‌ವೇ 2023ರ ಜನವರಿಯಲ್ಲಿ ಪಟ್ಟಣದ ನೆಲ ಕುಸಿದಾಗ ನಿಂತಿತು. ಹಳೆಯ ಪೋಸ್ಟರ್‌ಗಳಲ್ಲಿ ಮಾತ್ರ ಅದು ಇನ್ನೂ ಓಡುತ್ತಲೇ ಇದೆ! ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಇಲ್ಲಿ ಮಾರ್ಚ್ ಮೊದಲ ವಾರ ದಾಟಿದ ಮೇಲೆ ಹಿಮವನ್ನು ನಂಬಿ ಹಣ ಕಟ್ಟಬೇಡಿ.

ಮನಾಲಿ ಪಕ್ಕದ ಸೋಲಾಂಗ್ ಸುಮಾರು 2,500 ಮೀಟರ್ ಎತ್ತರದ ಕಣಿವೆ. ಮಾರ್ಚ್‌ನಲ್ಲಿ ಅಲ್ಲಿ ಹಿಮ ತೆಳುವಾದಾಗ ಗಾಡಿಗಳು ಅಟಲ್ ಸುರಂಗ ದಾಟಿ ಲಾಹೌಲ್ ಕಡೆಗೆ ಹೋಗುತ್ತವೆ. ರಸ್ತೆಬದಿಯ ಹಿಮದಲ್ಲಿ ಬಾಡಿಗೆ ಸ್ಕೀ ಕಟ್ಟಿಕೊಂಡು, ಹುಡುಗನೊಬ್ಬ ಕೈಹಿಡಿದು ಐವತ್ತು ಅಡಿ ಜಾರಿಸುವುದು ಒಂದು ಮೋಜು. ಅದನ್ನು ಕಲಿಕೆ ಎಂದು ಮಾರುವುದಕ್ಕೆ ನಮ್ಮ ತಕರಾರು.

ಏಪ್ರಿಲ್‌ನಲ್ಲೇ ರಜೆ, ಸ್ಕೀಯಿಂಗ್ ಕಲಿಯಲೇಬೇಕು ಎಂದರೆ ಕಲಿಯುವ ಜಾಗವೇ ಎತ್ತರದಲ್ಲಿರುವ, ಬುಡದಲ್ಲೂ ಚಳಿ ಉಳಿಯುವ ಊರು ಹುಡುಕಬೇಕು. ಫ್ರಾನ್ಸ್‌ನ ವಾಲ್ ತೊರಾನ್ಸ್ ಇದಕ್ಕೆ ಸರಿಯಾದ ಉದಾಹರಣೆ. ಊರೇ 2,300 ಮೀಟರ್‌ನಲ್ಲಿದೆ, ಹೊಸಬರ ಇಳಿಜಾರು ಊರೊಳಗೇ ಇದೆ. ಆಲ್ಪ್ಸ್ ಪರ್ವತಗಳು ಕಾಶ್ಮೀರಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ಅಷ್ಟೇ ಎತ್ತರದಲ್ಲಿ ಅಲ್ಲಿ ಹೆಚ್ಚು ಚಳಿ. ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಕೈಗೆಟಕುವ ಮಾತು. ಬೆಂಗಳೂರಿನಿಂದ ಹೊರಡುವವರಿಗೆ ವೀಸಾ, ಖರ್ಚು ಎರಡೂ ಭಾರ. ಬೆಂಗಳೂರಿನವರು ಏಪ್ರಿಲ್‌ನಲ್ಲಿ ಗುಲ್ಮಾರ್ಗ್‌ಗೆ ಹೋಗಬಾರದೆಂದಲ್ಲ. ಹಿಮ ನೋಡುವ ಪ್ರವಾಸ ಎಂದುಕೊಂಡು ಹೋಗಿ, ಸ್ಕೀ ಪ್ಯಾಕೇಜಿಗೆ ದುಡ್ಡು ಕೊಡಬೇಡಿ.

ತಿಂಗಳು ಸರಿಯಿದ್ದರೆ ಹಿಮ ಖಚಿತವೇ?

ಅಲ್ಲ. ಕಾಶ್ಮೀರಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಅಡಚಣೆ ಎಂಬ ಮಾರುತ ವ್ಯವಸ್ಥೆಗಳು. ಅವು ತಡವಾದರೆ ಚಳಿಗಾಲವೇ ಒಣಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ಕಂದು ಬಣ್ಣಕ್ಕಿತ್ತು. 2025ರ ಫೆಬ್ರವರಿ ಕೊನೆಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮವಿಲ್ಲದೆ ಮುಂದಕ್ಕೆ ಹೋಗಿ, ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಸೀಸನ್ ಎಂದು ಕರೆಯುವ ಫೆಬ್ರವರಿಗಿಂತ ಆ ವರ್ಷ ಮಾರ್ಚ್ ವಾಸಿಯಾಗಿತ್ತು.

ಆದ್ದರಿಂದ ಫೋಟೊ ನಂಬುವ ಬದಲು ನೀವೇ ನೋಡಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಕೊಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಎಲ್ಲರಿಗೂ ಉಚಿತ. ಕೆಲವೇ ದಿನಗಳಿಗೊಮ್ಮೆ ಹೊಸ ಚಿತ್ರ ಬರುತ್ತದೆ. ಮೊಬೈಲಿನಲ್ಲೂ ತೆರೆಯುತ್ತದೆ, ಕಂಪ್ಯೂಟರ್ ಆದರೆ ಸಲೀಸು. ಗುಲ್ಮಾರ್ಗ್ ಹುಡುಕಿ, ಮೋಡ ಕಡಿಮೆ ಇರುವ ದಿನಾಂಕ ಆರಿಸಿದರೆ ಊರಿನ ಬಟ್ಟಲಾಕಾರದ ಮೈದಾನ ಬಿಳಿಯೋ ಕಂದೋ ಗೊತ್ತಾಗುತ್ತದೆ. ಬಿಳಿ ಕಂಡದ್ದು ಮೋಡವೋ ಹಿಮವೋ ಎಂಬ ಅನುಮಾನ ಬಂದರೆ ಇನ್ನೊಂದು ದಿನಾಂಕ ನೋಡಿ. ಮೋಡ ಜಾಗ ಬದಲಿಸುತ್ತದೆ, ಹಿಮ ಅಲ್ಲೇ ಇರುತ್ತದೆ. ಹಿಂದಿನ ಎರಡು-ಮೂರು ವರ್ಷಗಳ ಇದೇ ವಾರದ ಚಿತ್ರಗಳನ್ನೂ ತೆಗೆದು ನೋಡಿದರೆ ಏಜೆಂಟರ ಮಾತಿಗಿಂತ ಗಟ್ಟಿಯಾದ ಅಂದಾಜು ಸಿಗುತ್ತದೆ.

ಬೆಳಿಗ್ಗೆ ಗಾಜು, ಮಧ್ಯಾಹ್ನ ಕೆಸರು

ವಸಂತದ ಹಿಮ ದಿನಕ್ಕೆ ಮೂರು ರೂಪ ತಾಳುತ್ತದೆ. ಹಗಲು ಕರಗಿದ್ದು ರಾತ್ರಿ ಮತ್ತೆ ಗಟ್ಟಿಯಾಗುವುದರಿಂದ ಬೆಳಿಗ್ಗೆ ಅದು ಗಾಜಿನಷ್ಟು ಬಿರುಸು. ಹೊಸಬರು ಬಿದ್ದರೆ ಮಣಿಕಟ್ಟಿಗೆ ಪೆಟ್ಟು. ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆದರೆ ಮೇಲ್ಪದರ ಬನ್ಸಿ ರವೆಯಂತೆ ಕಾಳುಕಾಳಾಗಿ ಸಡಿಲಗೊಳ್ಳುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಹಿಮವಿಲ್ಲ. ಮಧ್ಯಾಹ್ನವಾದಂತೆ ಅದೇ ರವೆ ನೀರುನೀರಾಗಿ ಸ್ಕೀಯನ್ನು ಹಿಡಿದುಕೊಳ್ಳುತ್ತದೆ. ಸ್ಕೀ ನಿಂತು ಮೈ ಮುಂದೆ ಹೋದಾಗ ತಿರುಚುವುದು ಮೊಣಕಾಲು.

ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಪಾಠ ಇಟ್ಟಿರುವ ಪ್ಯಾಕೇಜ್ ಮಾರ್ಚ್‌ಗೆ ಒಪ್ಪುವುದಿಲ್ಲ. ಸುಮಾರು ಹತ್ತರಿಂದ ಒಂದರವರೆಗೆ ಕೇಳಿ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬಿಸಿಲು ಓರೆಯಾಗಿ ಬೀಳುವುದರಿಂದ ಅಲ್ಲಿ ಹಿಮ ಹೆಚ್ಚು ದಿನ ಉಳಿಯುತ್ತದೆ.

ಮೊಣಕಾಲಿನ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್, ಜೋರಾಗಿ ಬಿದ್ದಾಗ ತಾನಾಗಿ ಕಳಚಿಕೊಳ್ಳಬೇಕು. ಎಷ್ಟು ಬಲಕ್ಕೆ ಕಳಚಬೇಕೆಂದು ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ಮತ್ತು ಅನುಭವ ನೋಡಿ ತಿರುಪು ಹೊಂದಿಸುತ್ತಾರೆ. ಬಾಡಿಗೆ ಅಂಗಡಿಯವರು ಇದ್ಯಾವುದನ್ನೂ ಕೇಳದೆ ಬೂಟು ಕೊಟ್ಟರೆ ಬೇರೆ ಅಂಗಡಿ ನೋಡಿ. ಕೇಳಿದರೆ ನಿಜ ಹೇಳಿ. ನನಗೆ ಸ್ವಲ್ಪ ಬರುತ್ತೆ ಎಂದು ಜಂಬ ಕೊಚ್ಚಿಕೊಂಡರೆ ತಿರುಪು ಬಿಗಿಯಾಗುತ್ತದೆ, ಬಿದ್ದಾಗ ಸ್ಕೀ ಕಳಚುವುದಿಲ್ಲ.

ಕರ್ಪೂರ, ಬ್ರಾಂದಿ ಮತ್ತು ಕೂಗು

ಹಿಮದ ಪ್ರವಾಸದ ಜತೆಗೇ ಬರುವ ಕೆಲವು ಸಲಹೆಗಳನ್ನು ಇಲ್ಲೇ ಪರಿಶೀಲಿಸಿಬಿಡೋಣ.

ಕರ್ಪೂರ, ಲವಂಗ, ಓಂಕಾಳು ಕಟ್ಟಿದ ಗಂಟು ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ ಎಂಬ ಸಂದೇಶ ಕೋವಿಡ್ ಕಾಲದಲ್ಲಿ ಜೋರಾಗಿ ಓಡಿತ್ತು, ಈಗ ಬೆಟ್ಟ ಹತ್ತುವವರ ಗುಂಪಿಗೆ ಬಂದು ನಿಂತಿದೆ. ಸುಳ್ಳು. ಕರ್ಪೂರದ ಘಾಟಿಗೆ ಮೂಗು ತೆರೆದಂತೆ ಅನಿಸುತ್ತದೆ ಅಷ್ಟೆ, ರಕ್ತದ ಆಮ್ಲಜನಕ ಏರುವುದಿಲ್ಲ. ಪುಟ್ಟ ಮಕ್ಕಳು ಕರ್ಪೂರ ನುಂಗಿದರೆ ಫಿಟ್ಸ್ ಬರುವಷ್ಟು ಅಪಾಯ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲೆ ಕಾಣಿಸಿಕೊಳ್ಳುತ್ತದೆ. ಗುಲ್ಮಾರ್ಗ್ ಆ ಗೆರೆಯ ಮೇಲೇ ಇದೆ. ಬೆಂಗಳೂರಿನಿಂದ ಹೋಗುವವರು ಮೊದಲ ರಾತ್ರಿ ಸುಮಾರು 1,600 ಮೀಟರ್‌ನ ಶ್ರೀನಗರದಲ್ಲಿ ತಂಗಿ, ಮರುದಿನ ಮೇಲೇರಿ, ಆ ದಿನವೇ ಅಫರ್ವತ್ ಹತ್ತದಿರುವುದು ಒಳ್ಳೆಯದು. ತಲೆನೋವು, ವಾಕರಿಕೆ ಶುರುವಾದರೆ ಮತ್ತೆ ಮೇಲೆ ಹೋಗಬೇಡಿ, ಹೆಚ್ಚಾದರೆ ಕೆಳಗಿಳಿಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರು ಟಿಕೆಟ್ ಮಾಡಿಸುವ ಮುಂಚೆಯೇ ವೈದ್ಯರನ್ನು ಕೇಳಲಿ.

ಬ್ರಾಂದಿ ಕುಡಿದರೆ ಮೈ ಬೆಚ್ಚಗಾಗುತ್ತದೆ ಎನ್ನುವುದು ಚರ್ಮದ ಭ್ರಮೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಬೆಚ್ಚಗನಿಸುತ್ತಿರುವಾಗಲೇ ಮೈ ತಣ್ಣಗಾಗುತ್ತಿರುತ್ತದೆ.

ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆಯೇ? ಸಿನಿಮಾದಲ್ಲಿ ಮಾತ್ರ. ದನಿಯ ಒತ್ತಡ ಅದಕ್ಕೆ ಸಾಲದು. ಕಡಿದಾದ ಇಳಿಜಾರಿನಲ್ಲಿ ಸಡಿಲ ಪದರದ ಮೇಲೆ ಮನುಷ್ಯರ ಭಾರ ಬಿದ್ದಾಗ, ಹೊಸ ಹಿಮ ಅತಿಯಾಗಿ ಕೂತಾಗ, ವಸಂತದ ಬಿಸಿಲಿಗೆ ನೀರು ಇಳಿದಾಗ ಅದು ಕುಸಿಯುತ್ತದೆ. ಕೂಗದೆ ಸುಮ್ಮನಿದ್ದರೆ ಸುರಕ್ಷಿತ ಎಂದು ಹಗ್ಗ ಕಟ್ಟಿದ ಗಡಿ ದಾಟುವವರಿಗಾಗಿ ಇಷ್ಟು ಹೇಳಬೇಕಾಯಿತು.

ಚಳಿಯಲ್ಲಿ ಬಿಸಿಲೇನು ಮಾಡೀತು ಎನ್ನುವವರೂ ಇದ್ದಾರೆ. ಸಾವಿರ ಮೀಟರ್‌ಗೆ ನೇರಳಾತೀತ ಕಿರಣಗಳು ಶೇ 10ರಷ್ಟು ಹೆಚ್ಚುತ್ತವೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೆ ಮುಖಕ್ಕೇ ತಿರುಗಿಸಿ ಹೊಡೆಯುತ್ತದೆ. ಕನ್ನಡಕವಿಲ್ಲದೆ ಹಗಲೆಲ್ಲ ಆಡಿದವರಿಗೆ ಕಣ್ಣಲ್ಲಿ ಮರಳು ಬಿದ್ದಂಥ ಉರಿ ಶುರುವಾಗುವುದು ಕೆಲವು ಗಂಟೆ ಬಿಟ್ಟು, ರಾತ್ರಿ. ಮಕ್ಕಳಿಗೂ ಯುವಿ ತಡೆಯುವ ಕನ್ನಡಕ ಬೇಕು.

ಏಜೆಂಟರಿಗೆ ಕಳಿಸಬೇಕಾದ ಸಂದೇಶ

ಮುಂಗಡ ಕೊಡುವ ಮೊದಲು ಇದನ್ನು ಕಾಪಿ ಮಾಡಿ ಕಳಿಸಿ, ಬರಹದಲ್ಲೇ ಉತ್ತರ ಪಡೆಯಿರಿ:

ಹೊಸಬರಿಗೆ ಕಲಿಸುವ ಇಳಿಜಾರು ಯಾವುದು, ಅದರ ಇವತ್ತಿನ ವಿಡಿಯೊ ಕಳಿಸುತ್ತೀರಾ? ಒಬ್ಬ ಬೋಧಕರಿಗೆ ಎಷ್ಟು ಜನ, ಅವರ ತರಬೇತಿ ಎಲ್ಲಿ ಆಗಿದೆ? ಪಾಠ ಎಷ್ಟು ದಿನ, ಯಾವ ಹೊತ್ತಿಗೆ? ಹೆಲ್ಮೆಟ್ ಸೇರಿದೆಯೇ? ಹಿಮ ಇಲ್ಲದಿದ್ದರೆ ಅಥವಾ ಸರ್ಕಾರ ಜಾಗ ಮುಚ್ಚಿದರೆ ಎಷ್ಟು ಹಣ ವಾಪಸ್?

ಒಬ್ಬ ಬೋಧಕರಿಗೆ ಐದಾರು ಜನಕ್ಕಿಂತ ಹೆಚ್ಚಿದ್ದರೆ ನಿಂತು ಕಾಯುವುದರಲ್ಲೇ ದಿನ ಹೋಗುತ್ತದೆ. ಮೂರು ದಿನಕ್ಕಿಂತ ಕಡಿಮೆ ಪಾಠದಲ್ಲಿ ನಿಲ್ಲಿಸಲು ಕಲಿಯುವುದೇ ಕಷ್ಟ. ಕೊನೆಯ ಪ್ರಶ್ನೆಗೂ ಕಾರಣವಿದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಬಳಿಕ ಕಾಶ್ಮೀರದ ಹಲವು ತಾಣಗಳನ್ನು ಆಡಳಿತ ಮುಚ್ಚಿತ್ತು. ಹೊರಡುವ ವಾರದ ಸರ್ಕಾರಿ ಸೂಚನೆಗಳನ್ನು ನೋಡಿಕೊಳ್ಳಿ. ಗುಂಪಿನಲ್ಲಿ ಒಂದಿಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಿಮ್ ಇರಲಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಬೆಟ್ಟದ ಮೇಲೆ ಯಾರಾದರೂ ಗುಂಪಿನಿಂದ ತಪ್ಪಿಸಿಕೊಂಡರೆ ಹುಡುಕಲು ಫೋನೇ ಗತಿ.