ಒಂದೇ ಯಾತ್ರೆ, ಹಲವು ನಾಡುಗಳು

ಉಮ್ರಾದೊಡನೆ ಜೋರ್ಡಾನ್, ಫೆಲೆಸ್ತೀನ್, ಈಜಿಪ್ಟ್‌ಗಳನ್ನೂ ಒಂದೇ ಬಾರಿಗೆ ಸುತ್ತಿಸುವ ಪ್ರವಾಸಗಳ ಜಾಹೀರಾತು ಈಗ ಕುಂಚಾವರಂನಂತಹ ಕಾಡಂಚಿನ ಊರಿನ ಮೊಬೈಲ್‌ಗಳಿಗೂ ತಲುಪುತ್ತಿದೆ. ದಾರಿ ಮಾತ್ರ ಹಳೆಯದು.

1325ರಲ್ಲಿ ಮೊರೊಕ್ಕೊದ ಟ್ಯಾಂಜಿಯರ್‌ನಿಂದ 21ರ ತರುಣ ಇಬ್ನ್ ಬತೂತಾ ಹಜ್ಜ್‌ಗಾಗಿ ಒಂಟಿಯಾಗಿ ಹೊರಟರು. ಟ್ಯೂನಿಸ್ ತಲುಪಿದಾಗ ಊರವರು ಬಂದು ಜೊತೆಯ ಯಾತ್ರಿಕರಿಗೆಲ್ಲ ಸಲಾಂ ಹೇಳಿದರು. ಪರಿಚಯವಿಲ್ಲದ ಇವರಿಗೆ ಯಾರೂ ಹೇಳಲಿಲ್ಲ. ಅವರಿಗೆ ಅಳು ತಡೆಯಲಾಗಲಿಲ್ಲ. ಅದನ್ನು ಕಂಡ ಯಾತ್ರಿಕನೊಬ್ಬ ಬಳಿಗೆ ಬಂದು ಸಲಾಂ ಹೇಳಿ, ನಗರ ಸೇರುವತನಕ ಮಾತನಾಡುತ್ತಾ ಜೊತೆಗಿದ್ದ. ಸುಮಾರು ಮೂವತ್ತು ವರ್ಷಗಳ ಬಳಿಕ ಇಬ್ನ್ ಜುಝಯ್ಯ್ ಪೂರ್ಣಗೊಳಿಸಿದ ಪ್ರವಾಸ ಕಥನದಲ್ಲಿಯೂ ಆ ಸಲಾಂ ಉಳಿದುಕೊಂಡಿದೆ. ಕಂಡ ಕಟ್ಟಡಗಳ ವರ್ಣನೆಗಿಂತ ನಮಗೆ ಇದೇ ಹೆಚ್ಚು ಹತ್ತಿರವೆನಿಸುತ್ತದೆ.

ಅಲೆಕ್ಸಾಂಡ್ರಿಯಾ, ಕೈರೋ, ಜೆರುಸಲೇಮ್, ದಮಾಸ್ಕಸ್‌ಗಳನ್ನು ಕಂಡು 1326ರಲ್ಲಿ ಅವರು ಮಕ್ಕಾ ತಲುಪಿದರು. ಹಜ್ಜ್ ಮುಗಿದರೂ ಪಯಣ ಮುಗಿಯಲಿಲ್ಲ. ದಿಲ್ಲಿಯಲ್ಲಿ ಖಾಝಿಯಾಗಿದ್ದು, 1340ರ ದಶಕದಲ್ಲಿ ನಮ್ಮ ಕರಾವಳಿಯ ಹೊನ್ನಾವರಕ್ಕೂ ಬಂದರು. ಅಲ್ಲಿ ಅವರು ಎಣಿಸಿದ್ದು ಅರಮನೆಯ ಕಂಬಗಳನ್ನಲ್ಲ. ಹುಡುಗರಿಗೆ 23 ಪಾಠಶಾಲೆಗಳು, ಹುಡುಗಿಯರಿಗೆ 13 ಎಂದು ಹೇಳಿ, ಅಲ್ಲಿನ ಸ್ತ್ರೀಯರು ಕುರ್‌ಆನನ್ನು ಕಂಠಸ್ಥ ಮಾಡಿದ್ದರೆಂದೂ ತಿಳಿಸಿದ್ದಾರೆ. ಹೆಣ್ಣುಮಕ್ಕಳಿಗೊಂದು ಮದ್ರಸಾ ನಡೆಸಲು ಇಂದಿಗೂ ಮನೆಮನೆಯಲ್ಲಿ ಚಂದಾ ಎತ್ತುವ ನಮಗೆ ಆ ಹದಿಮೂರು ಎಂಬ ಅಂಕಿ ಸುಲಭವಾಗಿ ಓದಿ ಮುಂದೆ ಹೋಗುವಂಥದ್ದಲ್ಲ. ಇಂಥದ್ದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಹೇಳಿದವರು ಅಷ್ಟೊಂದು ನಾಡುಗಳನ್ನು ಸುತ್ತಿಬಂದವರು.